ಮೆಲ್ಲಗೆ ಹಾಡುವ ಆಟ

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಬೀದಿಗೆ ಬಂದಾಗ ನನ್ನ ಹೆಂಡತಿಯ ಮುಖಕ್ಕೆ ಬರುವ ಕಳೆ, ನಾನು ಪ್ರಶಸ್ತಿ ಹೊತ್ತು ತಂದಿದ್ದರೂ ಬರುತ್ತಿರಲಿಲ್ಲ. ಪ್ರಶಸ್ತಿ ಯಾವತ್ತೂ ತಂದಿಲ್ಲವಾದ್ದರಿಂದ ಇದನ್ನು ಖಚಿತವಾಗಿ ಹೇಳಲಾರೆ. ಹೋದ ತಿಂಗಳು ಆಕೆ ಬಂದಾಗ ಇವಳು ಬೀರುವಿನ ಕೆಳಗಿನ ಖಾನೆಯಿಂದ ನನ್ನ ಏಳು ಪ್ಯಾಂಟುಗಳನ್ನು ತಂದು ಬಾಗಿಲ ಮುಂದೆ ಹರಡಿದಳು. ನಿವೃತ್ತನಾದ ಮೇಷ್ಟರಿಗೆ ಏಳು ಪ್ಯಾಂಟು ಯಾಕೆ ಎಂಬುದು ಇವಳ ವಾದ. ನ್ಯಾಯವಾದ ಮಾತೇ. ಪಾತ್ರೆಯವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ನಕ್ಕಳು.

"ಇದೇನಕ್ಕಾ, ಎಲ್ಲಾ ಪ್ಯಾಂಟೂ ಒಂದೇ ಕಡೆ ಸವ್ದೈತೆ? ಬಲಗಡೆ ತೊಡೆ ಮಾತ್ರ. ನಿಮ್ ಯಜಮಾನ್ರು ಏನ್ ಕೆಲ್ಸ ಮಾಡ್ತಿದ್ರು?"

"ತೊಡೆ ತಟ್ಟೋ ಕೆಲ್ಸ," ಅಂದಳು ನನ್ನ ಹೆಂಡತಿ. ಹೊಳಲ್ಕೆರೆಯ ಹೆಣ್ಣು, ಮಾತನ್ನು ನಗದೆ ಆಡುವುದು ಅವಳಿಗೆ ತವರಿನಿಂದಲೇ ಬಂದದ್ದು.

ಪಾತ್ರೆಯವಳು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಹೊಟ್ಟೆಯನ್ನೂ ತೋಳನ್ನೂ ನೋಡಿ ಕುಸ್ತಿಯ ಪೈಲ್ವಾನನಂತೂ ಅಲ್ಲವೆಂದು ತೀರ್ಮಾನಿಸಿರಬೇಕು. ಏಳು ಪ್ಯಾಂಟಿಗೆ ಒಂದು ಟೀ ಸೋಸುವ ಜರಡಿ ಕೊಟ್ಟು ಹೋದಳು.

ಆದರೆ ನನ್ನ ಹೆಂಡತಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಿರಿಯೂರು ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿದೆ. ಕನ್ನಡ, ಲೆಕ್ಕ, ಪರಿಸರ ಎಲ್ಲವನ್ನೂ ಹೇಳಿದೆನಾದರೂ ಮನಸಾರೆ ಹೇಳಿಕೊಟ್ಟದ್ದು ಒಂದನ್ನೇ: ಹಾಡಿನ ತಾಳಕ್ಕೆ ಹೆಜ್ಜೆ ಹಾಕುವುದನ್ನು. ಎಲ್ಲಿ ನಿಧಾನ, ಎಲ್ಲಿ ಚುರುಕು, ಎಲ್ಲಿ ಗಟ್ಟಿಯಾಗಿ, ಎಲ್ಲಿ ಮೆಲ್ಲಗೆ ಎಂಬುದನ್ನು ಮೈಯಿಂದಲೇ ಕಲಿಸುವುದು. ಬಾಯಲ್ಲಿ ಹಾಡು, ಬಲಗೈ ತೊಡೆಯ ಮೇಲೆ. ಕೈಯಲ್ಲಿ ಸೀಮೆಸುಣ್ಣದ ಪುಡಿ ಇರುತ್ತಿದ್ದುದರಿಂದ ಸಂಜೆ ಮನೆಗೆ ಬರುವಾಗ ಪ್ಯಾಂಟಿನ ಮೇಲೊಂದು ಬಿಳಿ ಅಂಗೈ ಮೂಡಿರುತ್ತಿತ್ತು. ಅದನ್ನು ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಬಟ್ಟೆ ಸವೆಸಿದವಳು ಇವಳೇ. ಏಳು ಪ್ಯಾಂಟಿಗೆ ಬರೀ ಜರಡಿ ಸಿಕ್ಕಿತೆಂದು ಈಗ ಗೊಣಗುವವಳೂ ಇವಳೇ.

ಕೆಲಸ ಬಿಟ್ಟರೂ ಕೈ ಬಿಟ್ಟಿಲ್ಲ. ಹಿರಿಯೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಬರುವ ತನಕ ನನ್ನ ಬೆರಳು ಮೇಜಿನ ಮೇಲೆ ತನ್ನ ಪಾಡಿಗೆ ತಾನು ತಟ್ಟುತ್ತಿರುತ್ತದೆ. ಒಮ್ಮೆ ಎದುರು ಕೂತಿದ್ದ ಅಪರಿಚಿತರೊಬ್ಬರು, "ಕೈ ನಡುಗ್ತೈತೇನ್ರಿ? ನಮ್ಮಣ್ಣಂಗೂ ಹಿಂಗೇ ಶುರುವಾಗಿತ್ತು. ಬೇಗ ತೋರಿಸ್ಕಳ್ರಿ," ಎಂದು ಕಾಳಜಿಯಿಂದ ಹೇಳಿದರು. ನಾನು ಆಯಿತು ಎಂದೆ. ಅದು ನಡುಕವಲ್ಲ, ಆದಿತಾಳ ಎಂದು ಅವರಿಗೆ ಹೇಳುವುದಾದರೂ ಹೇಗೆ?

ಈ ತಾಳದ ಹುಚ್ಚು ಹತ್ತಿಸಿದವರು ಯಾವ ಸಂಗೀತಗಾರರೂ ಅಲ್ಲ. ಹೊಸದುರ್ಗದಲ್ಲಿ ನಮ್ಮ ಮನೆಯ ಎದುರುಗಡೆ ಹತ್ತಿ ಹಿಂಜುವ ಇಮಾಮ್ ಸಾಬರ ಮನೆಯಿತ್ತು. ಮದುವೆಯ ಕಾಲ ಬಂತೆಂದರೆ ಹಾಸಿಗೆ ದಿಂಬಿನ ಕೆಲಸ ಬೆಳಗಿನಿಂದ ನಡೆಯುತ್ತಿತ್ತು. ಆಳುದ್ದದ ಬಿಲ್ಲನ್ನು ಸೂರಿಗೆ ತೂಗುಹಾಕಿ, ಹತ್ತಿಯ ರಾಶಿಗೆ ತಾಗುವಂತೆ ಅದರ ಹುರಿಯನ್ನು ಮರದ ಗುಂಡಿನಿಂದ ಮೀಟುತ್ತಿದ್ದರು. ಮೊದಲು ಗಂಟು ಹತ್ತಿಗೆ ಟೊಂಯ್... ಟೊಂಯ್ ಎಂದು ಬಿಡಿಬಿಡಿಯಾಗಿ. ಹತ್ತಿ ಅರಳುತ್ತ ಬಂದಂತೆ ಹೊಡೆತ ಹತ್ತಿರ ಹತ್ತಿರವಾಗಿ, ಕೊನೆಗೆ ಹಗುರವಾಗಿ, ಮುಟ್ಟಿದರೂ ಮುಟ್ಟದ ಹಾಗೆ. ಶಾಲೆಗೆ ಹೋಗುವುದನ್ನು ಮರೆತು ನಾನು ಅವರ ಹೊಸಿಲ ಮೇಲೆ ಕೂತಿರುತ್ತಿದ್ದೆ. ಮೂಗಿನ ತುಂಬ ಹತ್ತಿಯ ಎಳೆ, ತಲೆಯ ಮೇಲೆ ಬಿಳಿಯ ಧೂಳು. ಒಂದು ದಿನ ಹಾಗೇ ಕ್ಲಾಸಿಗೆ ಹೋದಾಗ ನಮ್ಮ ಮೇಷ್ಟರು, "ಬರ್ರಿ ತಾತಾ, ಕುಂತ್ಕಳ್ರಿ," ಎಂದು ಕೈಮುಗಿದು ಬೆಂಚಿನ ಮೇಲೆ ನಿಲ್ಲಿಸಿದರು. ಇಮಾಮ್ ಸಾಬರು ಮಾತ್ರ ನನ್ನನ್ನು ಎಂದೂ ಬೈಯಲಿಲ್ಲ. "ಲೇ ಮರಿ, ಕೇಳು. ಹತ್ತಿ ಬಿಡಿಸ್ಕಂಡ್ಮ್ಯಾಲೆ ಜೋರಾಗಿ ಹೊಡೀಬಾರ್ದು. ಸದ್ದು ಕೇಳಿದ್ರೆ ಗೊತ್ತಾಗ್ತೈತೆ ಎಲ್ಲಿ ಗಂಟೈತೆ ಅಂತ," ಎನ್ನುತ್ತಿದ್ದರು.

ಮುಂದೆ ಚಿತ್ರದುರ್ಗದಲ್ಲಿ ಶಿಕ್ಷಕರ ತರಬೇತಿಗೆ ಸೇರಿದಾಗ ಅಲ್ಲಿನ ಸಂಗೀತದ ಮೇಷ್ಟರು ನನ್ನಿಂದ ಎರಡು ಸಾಲು ಹಾಡಿಸಿದರು. ಹಾಡು ಮುಗಿದ ಮೇಲೆ, "ನಿನ್ನ ದನಿಯಲ್ಲಿ ಶ್ರುತಿ ಅನ್ನೋದು ಹುಡುಕಿದ್ರೂ ಇಲ್ಲ. ಆದರೆ ತಾಳ ಗಡಿಯಾರದ ಹಾಗೆ ಇದೆ," ಎಂದರು. ಮೊದಲ ವಾಕ್ಯವನ್ನು ನಾನು ಅಲ್ಲೇ ಬಿಟ್ಟು ಬಂದೆ. ಎರಡನೆಯದನ್ನು ಮೂವತ್ತು ವರ್ಷ ತಲೆಯ ಮೇಲೆ ಹೊತ್ತು ತಿರುಗಿದೆ. ನನಗೆ ತಾಳ ಗೊತ್ತು, ತಾಳದಲ್ಲಿ ಯಾರು ಎಲ್ಲಿ ತಪ್ಪಿದರೂ ನನಗೆ ತಿಳಿಯುತ್ತದೆ ಎಂಬ ಜಂಬ ನನ್ನಲ್ಲಿ ಬೆಳೆದದ್ದು ಅಲ್ಲಿಂದ. ಈಗ ಹೇಳಲಿರುವ ವಿಷಯದಲ್ಲಿ ಈ ಜಂಬದ ಪಾಲು ದೊಡ್ಡದು.

ಕೆಲಸ ಸಿಕ್ಕಿದ್ದು ಹರಿಯಬ್ಬೆಯಿಂದಾಚೆ, ಧರ್ಮಪುರದ ಕಡೆಯ ಒಂದು ಸಣ್ಣ ಊರಿನಲ್ಲಿ. ಎರಡು ಕೋಣೆ, ಅಂಗಳದಲ್ಲೊಂದು ಹೊಂಗೆ ಮರ, ನಾನು ಮತ್ತು ಹೆಡ್‌ಮೇಷ್ಟರು ಶಿವಲಿಂಗಪ್ಪನವರು. ಅರ್ಧ ಮಕ್ಕಳು ಶೇಂಗಾ ಬೆಳೆಯುವ ಒಕ್ಕಲು ಮನೆಗಳವರು, ಇನ್ನರ್ಧ ಪಕ್ಕದ ಹಟ್ಟಿಯಿಂದ ಬರುವ ಕುರಿ ಸಾಕುವವರ ಮಕ್ಕಳು. ನಾನು ಹೊಂಗೆ ಮರದ ಸುತ್ತ ಸುಣ್ಣದಲ್ಲಿ ದೊಡ್ಡದೊಂದು ವೃತ್ತ ಬರೆದು, ಮಕ್ಕಳನ್ನು ಅದರ ಮೇಲೆ ಸುತ್ತಿಸುತ್ತ, ಮಧ್ಯದಲ್ಲಿ ತೊಡೆ ತಟ್ಟುತ್ತ ನಿಲ್ಲುತ್ತಿದ್ದೆ. ಆನೆ ನಡಿಗೆಯನ್ನು ನಾನೇ ನಡೆದು ತೋರಿಸಬೇಕಾಗಿತ್ತು. ಆಗಲೂ ಹೊಟ್ಟೆ ಇತ್ತು, ಆದ್ದರಿಂದ ಆನೆ ಚೆನ್ನಾಗಿ ಬರುತ್ತಿತ್ತು. ಮೊಲ ಅಷ್ಟು ಒಪ್ಪುತ್ತಿರಲಿಲ್ಲ. ಹೊಲಕ್ಕೆ ಹೋಗುವವರು ಕಾಂಪೌಂಡಿನ ಹತ್ತಿರ ನಿಂತು ನೋಡುತ್ತಿದ್ದರು. "ಸರ್ಕಾರದೋರು ಸಂಬಳ ಕೊಡೋದು ಇದಕ್ಕೇನ್ರಿ ಮೇಷ್ಟ್ರೇ?" ಎಂದು ಒಬ್ಬರು ಕೇಳಿದರು. ಶಿವಲಿಂಗಪ್ಪನವರು ನನ್ನ ಪರ ವಹಿಸಿ, "ಇರ್ಲಿ ಬಿಡ್ರಪ್ಪ, ಓಡಿ ಹೋಗೋ ಮಕ್ಕಳು ಇದ್ರಿಂದಾನೇ ನಿಂತ್ಕಂಡವೆ," ಎಂದರು.

ಊರಿಗೆ ಒಪ್ಪುವ ಹಾಡು ಬೇಕೆಂದು ನಾನೇ ಒಂದು ಕಟ್ಟಿದೆ. ಅದರ ಮೊದಲೆರಡು ಸಾಲು:

ಕುರಿ ಬಂತು ಕುರಿ ಬಂತು ಸಾಲು ಸಾಲು
ಕೆರೆಯೇರಿ ಮೇಲೆಲ್ಲ ನೂರು ಕಾಲು

ಮಕ್ಕಳು ಕುಣಿದು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಹಟ್ಟಿಯ ಮಕ್ಕಳು ಮುಖ ಮುಖ ನೋಡಿಕೊಂಡರು. "ಸಾ, ಕುರಿ ಸಾಲಾಗಿ ಹೋಗಲ್ಲ ಸಾ, ಗುಂಪಾಗಿ ಹೋಗ್ತಾವೆ," ಎಂದಿತು ಒಂದು. ಇನ್ನೊಂದು ಮನಸ್ಸಿನಲ್ಲೇ ಭಾಗಿಸಿ, "ನೂರು ಕಾಲು ಅಂದ್ರೆ ಇಪ್ಪತ್ತೈದೇ ಕುರಿ ಆಯ್ತಲ್ಲ ಸಾ. ನಮ್ ಮನೇಲೇ ಎಂಬತ್ತು ಅವೆ," ಎಂದಿತು. ಭಾಗಾಕಾರ ಕಲಿಸಿದವನು ನಾನೇ. ಹಾಡು ಮಾತ್ರ ಉಳಿಯಿತು. ಬೆಟ್ಟಕ್ಕೆ ಮೇಯಲು ಹೋಗುವಾಗ ನಿಧಾನ, ಮನೆಗೆ ಬರುವಾಗ ಮಧ್ಯಮ, ಮಳೆ ಹನಿ ಬಿದ್ದಾಗ ಓಟ.

ಕೊನೆಯ ಭಾಗ ಮಕ್ಕಳಿಗೆಲ್ಲ ಇಷ್ಟ. ಅದಕ್ಕೆ ಮೆಲ್ಲಗೆ ಹಾಡುವ ಆಟ ಎಂದು ಹೆಸರಿಟ್ಟಿದ್ದೆವು. ಕುರಿಗಳು ದೊಡ್ಡಿ ಸೇರಿವೆ, ಮರಿ ಮಲಗಿದೆ.

ಮರಿ ಮಲಗೈತೆ ಮೆಲ್ಲಗೆ ನಡಿ
ಸದ್ದಾಗದಂಗೆ ಬಾಗಿಲು ತೆಗಿ

ಇದನ್ನು ಮೊದಲು ಗಟ್ಟಿಯಾಗಿ ಹಾಡುತ್ತಿದ್ದೆ. ಆಮೇಲೆ ಒಂದೊಂದು ಸುತ್ತಿಗೂ ದನಿಯನ್ನೂ ತೊಡೆಯ ತಟ್ಟನ್ನೂ ಇಳಿಸುತ್ತ ಹೋಗುತ್ತಿದ್ದೆ. ದನಿ ಇಳಿದಷ್ಟೂ ಮಕ್ಕಳ ಹೆಜ್ಜೆಯೂ ಇಳಿಯಬೇಕು. ಕೊನೆಗೆ ನನ್ನದು ಪಿಸುಮಾತು, ಮಕ್ಕಳದು ಬೆರಳ ತುದಿಯ ನಡಿಗೆ. ಆ ಹೊತ್ತಿನಲ್ಲಿ ಹೊಂಗೆಯ ಎಲೆ ಬಿದ್ದರೂ ಕೇಳುತ್ತಿತ್ತು. ಯಾರ ಕಾಲು ಸದ್ದು ಮಾಡಿತೋ ಅವರು ಔಟ್. ಹೋಗಿ ಕಟ್ಟೆಯ ಮೇಲೆ ಕೂರಬೇಕು.

ದಿನವೂ ಮೊದಲು ಔಟಾಗುತ್ತಿದ್ದವಳು ಈರಕ್ಕ.

ಹಟ್ಟಿಯ ಹುಡುಗಿ, ಎರಡನೇ ಕ್ಲಾಸು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಸದಾ ಏನನ್ನೋ ಹುಡುಕುವಂತೆ ಅಗಲವಾಗಿ ತೆರೆದ ಕಣ್ಣು. ಎಲ್ಲರೂ ಬೆರಳ ತುದಿಯಲ್ಲಿ ಬರುತ್ತಿದ್ದರೆ ಅವಳ ಕಾಲು ಧಪ್ ಧಪ್ ಎನ್ನುತ್ತಿತ್ತು. ಉಳಿದ ಮಕ್ಕಳು ಕಿಸಕ್ಕೆಂದು ನಕ್ಕಾಗ ಆಚೀಚೆ ನೋಡಿ ತಾನೂ ನಗುತ್ತಿದ್ದಳು. ಗಟ್ಟಿಯಾಗಿ ಹಾಡುವಾಗಲೂ ಅಷ್ಟೇ, ಎಲ್ಲರಿಗಿಂತ ಒಂದು ಹೆಜ್ಜೆ ಹಿಂದೆ. ಮುಂದಿರುವ ಮಗುವಿನ ಹಿಮ್ಮಡಿಯನ್ನೇ ನೋಡುತ್ತ, ಅದು ಎದ್ದ ಮೇಲೆ ತಾನು ಎತ್ತುತ್ತಿದ್ದಳು. ಈ ಒಂದು ಹೆಜ್ಜೆ ನನ್ನ ಕಿವಿಗೆ ಕಲ್ಲಿನ ಹಾಗೆ ಸಿಕ್ಕುತ್ತಿತ್ತು. ತಾಳ ಗಡಿಯಾರದ ಹಾಗಿದ್ದ ಮನುಷ್ಯನಲ್ಲವೇ ನಾನು? ಒಂದು ದಿನ ತಮಾಷೆಗೆ, "ಬಂದ್ಲಪ್ಪ ಲೇಟಕ್ಕ," ಅಂದೆ. ಮಕ್ಕಳಿಗೆ ಅಷ್ಟು ಸಾಕು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಎಲ್ಲರಿಗೂ ಲೇಟಕ್ಕ ಆಗಿದ್ದಳು, ವಾರದೊಳಗೆ ಹಟ್ಟಿಗೂ ಆ ಹೆಸರು ಹೋಯಿತು. ಹಾಜರಿ ಕೂಗುವಾಗ ನಾನೇ ಒಂದೆರಡು ಸಲ ಹಾಗೆ ಕೂಗಿದ್ದೇನೆ.

ಅವಳ ಕಿವಿಯಲ್ಲಿ ಆಗಾಗ ಹತ್ತಿ ಇರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ವಾಸನೆ ಬರುತ್ತಿತ್ತು. ಚಳಿಗಾಲದಲ್ಲಿ ಹಟ್ಟಿಯ ಅರ್ಧ ಮಕ್ಕಳ ಕಿವಿಯಲ್ಲಿ ಅದೇ ಹತ್ತಿ, ಅದೇ ವಾಸನೆ. ನೋಡಿ ನೋಡಿ ನನಗೆ ಅದು ಜಡೆಯ ರಿಬ್ಬನ್ನಿನಷ್ಟೇ ಸಾಮಾನ್ಯವಾಗಿತ್ತು.

ಅವಳ ತಾಯಿ ತಿಮ್ಮಕ್ಕ ಒಂದು ಬೆಳಿಗ್ಗೆ ಶಾಲೆಗೆ ಬಂದಳು. ಆಗ ಧರ್ಮಪುರದಲ್ಲಿ ನಡೆಯಲಿದ್ದ ಮಕ್ಕಳ ಸ್ಪರ್ಧೆಗೆ ನಮ್ಮ ಅಭ್ಯಾಸ ನಡೆದಿತ್ತು. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಕಾಂಪೌಂಡಿನ ಹತ್ತಿರವೇ ನಿಂತಳು.

"ಸೋಮಿ, ಇವ್ಳು ಕರೆದ್ರೆ ತಿರುಗೇ ನೋಡಲ್ಲ. ಹಿಂದಿಂದ ಎಷ್ಟ್ ಕೂಗಿದ್ರೂ ಅಷ್ಟೇ. ಇಸ್ಕೂಲಾಗೂ ಹಿಂಗೇನಾ? ಏನಾರ ಆಗೈತಾ ಅಂತ ನಮ್ ಯಜಮಾನ್ರು ಕೇಳ್ಕಂಡ್ ಬಾ ಅಂದ್ರು. ಹಿರಿಯೂರಿಗೆ ಕರ್ಕಂಡ್ ಹೋಗಾಣ ಅಂತಾರೆ."

ನನಗೆ ಹಾಡು ಮಧ್ಯದಲ್ಲಿ ನಿಂತದ್ದೇ ಕಿರಿಕಿರಿ. ತೊಡೆಯ ಮೇಲಿನ ಕೈಯನ್ನೂ ಎತ್ತದೆ ಹೇಳಿದೆ:

"ಏನೂ ಆಗಿಲ್ಲಮ್ಮ. ಹಠ. ಇಲ್ಲೂ ಅಷ್ಟೇ, ನಾನು ಹೇಳಿದಂಗೆ ಕಾಲು ಹಾಕಲ್ಲ. ಬೇಕು ಅಂದಾಗ ಎಲ್ಲಾ ಕೇಳ್ತೈತೆ ಅವಳಿಗೆ. ಬೆಳೀತಾ ಸರಿಹೋಗ್ತಾಳೆ."

ತಿಮ್ಮಕ್ಕನ ಮುಖ ಹಗುರಾಯಿತು. ಓದಿದವರು, ದಿನವೂ ಮಗುವನ್ನು ನೋಡುವವರು ಹೇಳಿದ ಮೇಲೆ ಮುಗಿಯಿತು. ಹಿರಿಯೂರಿನ ಬಸ್ಸು, ಒಂದು ದಿನದ ಕುರಿ ಕಾಯುವ ಕೆಲಸ, ಆಸ್ಪತ್ರೆಯ ಸಾಲು ಎಲ್ಲವೂ ಉಳಿಯಿತು. "ಹಂಗಾರೆ ಎರಡ್ ಬಿಗಿದ್ರೆ ಸರಿಹೋಗ್ತಾಳೆ ಬಿಡ್ರಿ," ಎಂದು ನಕ್ಕು ಹೋದಳು. ಬಿಗಿದಳು ಎಂದು ಮರುದಿನ ಈರಕ್ಕನ ತೋಳು ನೋಡಿ ತಿಳಿಯಿತು. ನೋಡಿದೆ, ಏನೂ ಅನ್ನಲಿಲ್ಲ.

ಸ್ಪರ್ಧೆಗೆ ಹನ್ನೆರಡು ಮಕ್ಕಳು ಬೇಕಿದ್ದರು. ನಮ್ಮಲ್ಲಿ ಆ ವಯಸ್ಸಿನವರು ಇದ್ದದ್ದೇ ಅಷ್ಟು, ಈರಕ್ಕನನ್ನು ಬಿಡುವ ಹಾಗಿರಲಿಲ್ಲ. ನಾನೊಂದು ಉಪಾಯ ಮಾಡಿದೆ. ಹಿಂದೆ ನಿಂತರಲ್ಲವೇ ಮೈಮರೆಯುವುದು, ಎಲ್ಲರಿಗಿಂತ ಮುಂದೆ ನಿಲ್ಲಿಸಿದರೆ ಭಯಕ್ಕಾದರೂ ಸರಿಯಾಗಿ ಹೆಜ್ಜೆ ಹಾಕುತ್ತಾಳೆ ಎಂದು ಸಾಲಿನ ತಲೆಗೆ ಅವಳನ್ನೇ ಹಾಕಿದೆ. ಅಭ್ಯಾಸದಲ್ಲಿ ನಾನು ಅವಳ ಎದುರಿಗೇ ನಿಂತು ತೊಡೆ ತಟ್ಟುತ್ತಿದ್ದೆನಾದ್ದರಿಂದ ಪರವಾಗಿಲ್ಲ ಎನ್ನಿಸುವಷ್ಟು ಬಂತು. ನನ್ನ ಉಪಾಯವನ್ನು ಶಿವಲಿಂಗಪ್ಪನವರ ಮುಂದೆ ಹೊಗಳಿಕೊಂಡದ್ದೂ ನೆನಪಿದೆ.

ಧರ್ಮಪುರದ ಶಾಲೆಯ ವೇದಿಕೆಯ ಮೇಲೆ ಮೇಷ್ಟರು ಮಕ್ಕಳ ಎದುರು ನಿಲ್ಲುವಂತಿರಲಿಲ್ಲ. ಪಕ್ಕದ ಪರದೆಯ ಹಿಂದೆ ನಿಂತು ಹಾಡಬೇಕು. ಹಾಡು ಶುರುವಾಯಿತು. ಮಕ್ಕಳು ಹೊರಟರು. ಈರಕ್ಕ ಹೊರಡಲಿಲ್ಲ. ಅವಳ ಮುಂದೆ ನೋಡಲು ಹಿಮ್ಮಡಿಯಿಲ್ಲ, ನನ್ನ ಕೈಯಿಲ್ಲ. ಎದುರಿಗಿದ್ದದ್ದು ಕುರ್ಚಿಯ ಮೇಲೆ ಕೂತ ಮೂವರು ತೀರ್ಪುಗಾರರು. ಹಿಂದಿನ ಮಗು ಬಂದು ಅವಳ ಬೆನ್ನಿಗೆ ಡಿಕ್ಕಿ ಹೊಡೆಯಿತು. ಆಗ ಅವಳು ಏನು ಮಾಡಿದಳೆಂದರೆ, ತೀರ್ಪುಗಾರರಿಗೆ ಬೆನ್ನು ಮಾಡಿ ತಿರುಗಿ ನಿಂತು, ಉಳಿದ ಹನ್ನೊಂದು ಮಕ್ಕಳ ಕಾಲುಗಳನ್ನು ನೋಡಿಕೊಂಡು ಹಿಮ್ಮುಖವಾಗಿ ಹೆಜ್ಜೆ ಹಾಕತೊಡಗಿದಳು. ಒಂದು ಹೆಜ್ಜೆ ತಡವಾಗಿ, ಆದರೆ ಬಿಡದೆ, ಹಾಡು ಮುಗಿಯುವ ತನಕ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮರಿ ಮಲಗುವ ಭಾಗವನ್ನು ನಾನು ಅವಸರದಲ್ಲಿ ಹಾಡಿ ಮುಗಿಸಿದೆ.

ಈಗ ಯೋಚಿಸಿದರೆ, ಅಷ್ಟು ಜನರ ಮುಂದೆ ಅಂಥ ಬುದ್ಧಿ ಎಂಟು ವರ್ಷದ ಮಗುವಿಗೆ ಹೊಳೆದದ್ದೇ ಆಶ್ಚರ್ಯ. ಆಗ ನನಗೆ ಕಂಡದ್ದು ನನ್ನ ಮಾನ ಹೋದದ್ದು ಮಾತ್ರ. ಹಿಂತಿರುಗುವಾಗ ಟೆಂಪೋದಲ್ಲಿ ಎಲ್ಲ ಮಕ್ಕಳ ಎದುರು, "ಎಲ್ಲಾ ನಿನ್ನಿಂದ ಹಾಳಾಯ್ತು," ಅಂದೆ. ಅವಳ ಮುಖಕ್ಕೆ ಮುಖ ಕೊಟ್ಟು ಅಂದದ್ದರಿಂದ ಅದು ಮಾತ್ರ ಅವಳಿಗೆ ಪೂರ್ತಿ ತಿಳಿದಿರಬೇಕು. ಮರುವಾರದಿಂದ ಅವಳನ್ನು ವೃತ್ತದಿಂದ ತೆಗೆದು, ಎಲ್ಲರ ಚಪ್ಪಲಿ ನೋಡಿಕೊಳ್ಳಲು ಕಟ್ಟೆಯ ಮೇಲೆ ಕೂರಿಸಿದೆ. ನಾಲ್ಕನೇ ಕ್ಲಾಸು ಮುಗಿಯುವ ತನಕ ಕೂತಿದ್ದಳು. ನಾಯಿ ಬಂದು ಒಂದು ಚಪ್ಪಲಿಯನ್ನೂ ಒಯ್ಯದ ಹಾಗೆ ನೋಡಿಕೊಂಡಳು.

ಆ ವರ್ಷವೇ ನನಗೆ ಬಬ್ಬೂರಿನ ಕಡೆಯ ಶಾಲೆಗೆ ವರ್ಗವಾಯಿತು. ಅದಾಗಿ ಒಂದು ವರ್ಷಕ್ಕೆ ಹಿರಿಯೂರಿನಲ್ಲಿ ಮೇಷ್ಟರಿಗೆಲ್ಲ ಒಂದು ದಿನದ ತರಬೇತಿ ಇತ್ತು. ಇಂಥ ತರಬೇತಿಗಳಲ್ಲಿ ನಾವು ಹಿಂದಿನ ಬೆಂಚಿನವರು. ಮಂಡಕ್ಕಿ ಒಗ್ಗರಣೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ನಮ್ಮ ಮುಖ್ಯ ವಿಷಯ. ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವ ಮಕ್ಕಳನ್ನು ಗುರುತಿಸುವುದು ಹೇಗೆಂದು ಹೇಳಿಕೊಡಲು ಒಬ್ಬ ಹೆಣ್ಣುಮಗಳು ಬಂದಿದ್ದರು. ವಯಸ್ಸಿನಲ್ಲಿ ನಮಗಿಂತ ಚಿಕ್ಕವರು.

"ಇದಕ್ಕೆ ಮಿಷನ್ನು ಏನೂ ಬೇಡ ಸಾರ್," ಎಂದರು. "ಮಗುವಿನ ಹಿಂದೆ ನಿಂತ್ಕೊಳ್ಳಿ. ನಿಮ್ಮ ಬಾಯಿ ಅದಕ್ಕೆ ಕಾಣಬಾರದು. ಒಂದೇ ಮಾತನ್ನ ಮೊದಲು ಗಟ್ಟಿಯಾಗಿ ಹೇಳಿ, ಆಮೇಲೆ ಸ್ವಲ್ಪ ಸ್ವಲ್ಪ ಮೆಲ್ಲಗೆ ಮಾಡ್ತಾ ಹೋಗಿ. ಬೇರೆ ಮಕ್ಕಳಿಗೆಲ್ಲ ಕೇಳಿಸೋ ಜಾಗದಲ್ಲಿ ಇದು ತಪ್ಪಿದರೆ, ದಯವಿಟ್ಟು ಮಕ್ಕಳ ಹಠ ಅನ್ಕೋಬೇಡಿ. ಆಸ್ಪತ್ರೆಗೆ ಕಳಿಸಿ. ಕಿವಿ ಸೋರೋದನ್ನ ಬೇಗ ತೋರಿಸಿದರೆ ಉಳಿಯುತ್ತೆ. ತಡ ಮಾಡಿದರೆ ಹೋಗುತ್ತೆ."

ಪಕ್ಕದಲ್ಲಿದ್ದವರು ನನ್ನ ಕೈಗೆ ಮಂಡಕ್ಕಿಯ ತಟ್ಟೆ ಕೊಟ್ಟರು. ಹಿಡಿದುಕೊಂಡು ಕೂತೆ. ಈ ಹೆಣ್ಣುಮಗಳು ಹೇಳಿದ ಪರೀಕ್ಷೆಯನ್ನು ನಾನು ಎರಡು ವರ್ಷ, ಭಾನುವಾರ ಬಿಟ್ಟು ದಿನವೂ, ಹೊಂಗೆ ಮರದ ಕೆಳಗೆ ಮಾಡಿದ್ದೆ. ಜಿಲ್ಲೆಯಲ್ಲಿ ಬೇರೆ ಯಾವ ಮಗುವಿನ ಕಿವಿಯನ್ನೂ ಯಾರೂ ಅಷ್ಟು ಸಲ ಪರೀಕ್ಷಿಸಿರಲಾರರು. ಪ್ರತಿದಿನ ಅವಳು ಒಂದೇ ಜಾಗದಲ್ಲಿ ತಪ್ಪಿ, ನನಗೆ ಒಂದೇ ಉತ್ತರ ಕೊಟ್ಟಿದ್ದಳು. ನಾನು ಪ್ರತಿದಿನ ಅವಳನ್ನು ಔಟ್ ಎಂದು ಕಳಿಸಿದ್ದೆ.

ಮರುದಿನವೇ ಹಟ್ಟಿಗೆ ಹೋದೆ ಎಂದು ಬರೆದರೆ ಓದುವ ನಿಮಗೂ ಸಮಾಧಾನ, ನನಗೂ ಸಮಾಧಾನ. ಹೋಗಲಿಲ್ಲ. ಮೊದಲ ವಾರ ಪರೀಕ್ಷೆಯ ಕೆಲಸ ಅಂದುಕೊಂಡೆ. ಎರಡನೇ ವಾರ ಹೆಂಡತಿಯ ಕಡೆಯ ಮದುವೆ. ನಿಜವೇನೆಂದರೆ ತಿಮ್ಮಕ್ಕನ ಮುಂದೆ ಹೋಗಿ ನಿಲ್ಲಲು ನನಗೆ ಹೆದರಿಕೆ. ಮೂರು ವಾರ ಬಿಟ್ಟು ಹೋದಾಗ ಹಟ್ಟಿಯಲ್ಲಿ ಅವರ ಮನೆಗೆ ಬೀಗ. ಮೇವು ಹುಡುಕಿಕೊಂಡು ಕುರಿಯ ಜೊತೆ ಭದ್ರಾ ಬಯಲಿನ ಕಡೆ ಹೋಗಿದ್ದಾರೆ, ಮಗಳನ್ನೂ ಶಾಲೆ ಬಿಡಿಸಿ ಕರೆದುಕೊಂಡು ಹೋದರು, ಮುಂಗಾರಿಗೆ ಬರುತ್ತಾರೆ ಎಂದು ಪಕ್ಕದ ಮನೆಯ ಮುದುಕಿ ಹೇಳಿತು. ಶಿವಲಿಂಗಪ್ಪನವರನ್ನು ಕಂಡು ವಿಷಯ ಹೇಳಿದೆ. "ಆಯ್ತು, ಬರ್ಲಿ, ನೋಡಾಣ," ಎಂದರು. ಹೇಳಿದ್ದೇನಲ್ಲ ಎಂದು ಮನಸ್ಸಿಗೆ ಒಂದು ನೆಪ ಸಿಕ್ಕಿತು. ಮುಂಗಾರು ಬಂತು. ಅಷ್ಟರಲ್ಲಿ ಶಿವಲಿಂಗಪ್ಪನವರು ನಿವೃತ್ತರಾಗಿದ್ದರು. ನಾನು ಮತ್ತೆ ಆ ಕಡೆ ಹೋಗಲಿಲ್ಲ. ಬಬ್ಬೂರಿನ ಕಡೆಯ ಮಕ್ಕಳಿಗೂ ಮೆಲ್ಲಗೆ ಹಾಡುವ ಆಟ ಆಡಿಸಿದೆ. ಧಪ್ ಎಂದು ಕಾಲಿಟ್ಟ ಮಕ್ಕಳನ್ನು ಕೂಡಲೇ ಆಸ್ಪತ್ರೆಗೆ ಕಳಿಸಿದೆ. ಅವರಲ್ಲಿ ಮೂವರ ಕಿವಿ ಉಳಿಯಿತು. ಇದನ್ನು ಹೇಳಿಕೊಂಡು ಎಷ್ಟೋ ಸಲ ಸಮಾಧಾನಪಡಲು ನೋಡಿದ್ದೇನೆ. ಆಗಿಲ್ಲ. ಆ ಮೂವರ ಕಿವಿ ಈರಕ್ಕನ ಕಿವಿಯಾಗುವುದಿಲ್ಲ.

ಪ್ಯಾಂಟುಗಳನ್ನು ಪಾತ್ರೆಯವಳಿಗೆ ಕೊಟ್ಟ ವಾರದಲ್ಲೇ ಧರ್ಮಪುರದಲ್ಲಿ ಹಳೆಯ ಸ್ನೇಹಿತರೊಬ್ಬರ ಮನೆಯ ಗೃಹಪ್ರವೇಶವಿತ್ತು. ಊಟ ಮುಗಿಸಿ ಹಿರಿಯೂರಿಗೆ ವಾಪಸು ಬರಲು ಮಧ್ಯಾಹ್ನದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಇಲ್ಲದಾದ ಮೇಲೆ ನಮ್ಮಂಥ ಗಂಡಸರಿಗೆ ಕಂಬಿಯೇ ಗತಿ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದೆ. ಹರಿಯಬ್ಬೆಯಲ್ಲಿ ಒಂದಿಷ್ಟು ಜನ ಹತ್ತಿದರು, ಇಳಿದರು. ಅಷ್ಟರಲ್ಲಿ ಮೂರನೇ ಸೀಟಿನಿಂದ ಒಬ್ಬ ಹೆಣ್ಣುಮಗಳು ಎದ್ದು ನನ್ನನ್ನೇ ನೋಡಿ, ಇಡೀ ಬಸ್ಸಿಗೆ ಕೇಳುವ ದನಿಯಲ್ಲಿ, "ಸಾ, ಇಲ್ ಬರ್ರಿ, ಕುಂತ್ಕಳ್ರಿ," ಎಂದಳು. ಗುರುತು ಸಿಗಲಿಲ್ಲ. ಮೂವತ್ತರ ಆಸುಪಾಸು, ಕೈಯಲ್ಲಿ ಊಟದ ಡಬ್ಬಿಯ ಚೀಲ.

"ಗುರ್ತು ಸಿಗ್ಲಿಲ್ವಾ ಸಾ? ನಾನು. ಲೇಟಕ್ಕ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಬಿಟ್ಟ ಜಾಗದಲ್ಲಿ ಕೂತೆ. ಪಕ್ಕದ ಮುದುಕಪ್ಪ ಇಳಿದು ಜಾಗವಾಯಿತು. ಅವಳು ನನ್ನ ಬಲಕ್ಕೆ ಕೂರಲು ಬಂದವಳು ತಡೆದು, "ನೀವು ಆ ಕಡೆ ಹೋಗ್ರಿ ಸಾ. ಈ ಕಿವಿ ಪೂರಾ ಹೋಗೈತೆ. ಆ ಕಿವಿಲಿ ಜೋರಾಗ್ ಮಾತಾಡಿದ್ರೆ ಕೇಳ್ತೈತೆ," ಎಂದಳು. ಜಾಗ ಬದಲಾಯಿಸಿಕೊಂಡೆವು.

ಬಬ್ಬೂರಿನ ಹತ್ತಿರ ತೋಟದ ಕೆಲಸಕ್ಕೆ ಹೋಗುತ್ತಾಳಂತೆ, ಇವತ್ತು ಮಧ್ಯಾಹ್ನದಿಂದ ಪಾಳಿ. ಗಂಡನಿಗೆ ಕುರಿ ಇವೆ. ಮಗಳೊಬ್ಬಳು ಎರಡನೇ ಕ್ಲಾಸು. "ಅವಳಿಗೆ ಸೀತ ಆದ್ರೆ ಸಾಕು ಸಾ, ಕಿವಿ ತೋರ್ಸಕ್ಕೆ ಹಿರಿಯೂರಿಗೆ ಓಡ್ತೀನಿ. ಡಾಕ್ಟ್ರು ನಗ್ತಾರೆ, ಏನೂ ಆಗಿಲ್ಲ ಹೋಗಮ್ಮ ಅಂತಾರೆ. ನಾನ್ ಬಿಡಲ್ಲ. ನನ್ನ ತೋರ್ಸಿದಾಗ ನನಗೆ ಹದಿನೇಳು ವರ್ಸ. ಚಿಕ್ಕೋಳಿದ್ದಾಗ ಕರ್ಕಂಡ್ ಬಂದಿದ್ರೆ ಎರಡೂ ಉಳೀತಿದ್ವು ಅಂದ್ರು." ಸೊಪ್ಪಿನ ರೇಟು ಹೇಳುವಷ್ಟೇ ನಿರಾಳವಾಗಿ ಹೇಳಿದಳು.

ಆಮೇಲೆ ಹಳೆಯದನ್ನೆಲ್ಲ ತೆಗೆದಳು. ನನ್ನ ಆನೆ ನಡಿಗೆಯನ್ನು ಹೊಗಳಿದಳು. ನನ್ನ ಕೈ ನೋಡಿಕೊಂಡೇ ಕಾಲು ಹಾಕುತ್ತಿದ್ದಳಂತೆ, ನಾನು ಬೆನ್ನು ತಿರುಗಿಸಿದರೆ ಮುಂದಿನವರ ಕಾಲು ನೋಡುತ್ತಿದ್ದಳಂತೆ. ಚಪ್ಪಲಿ ಕಾಯುವ ಕೆಲಸ ಕೊಟ್ಟಾಗ ಲೀಡರ್ ಆದೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದಳಂತೆ. ಕಂಡಕ್ಟರಿಗೂ ಪರಿಚಯ ಮಾಡಿಸಿದಳು: "ಇವ್ರು ನಮ್ ಮೇಷ್ಟ್ರು. ಬಾಳ ಒಳ್ಳೇರು." ಸುತ್ತ ಕೂತವರೆಲ್ಲ ನನ್ನತ್ತ ಪ್ರೀತಿಯಿಂದ ನಕ್ಕರು. ಇಳಿದು ಹೋಗೋಣವೆಂದರೆ ನಡುವೆ ಊರೂ ಇಲ್ಲ.

"ನೀವು ಅವ್ವಂಗೆ ಅವತ್ತೇ ಹೇಳಿದ್ರಂತಲ್ಲ ಸಾ, ಇವಳದ್ದು ಹಠ ಅಂತ," ಎಂದಳು. "ನಿಜ ಅದು. ಬಾಳ ಹಠ ಮಾಡ್ತಿದ್ದೆ ನಾನು. ಕರೆದ್ರೂ ತಿರುಗ್ದೆ, ಕೇಳಿದ್ರೂ ಕೇಳದಂಗೆ ಇದ್ದೂ ಇದ್ದೂ, ದೇವ್ರು ಕೊಟ್ಟ ಕಿವೀನ ದೇವ್ರೇ ಕಿತ್ಕಂಡ ಅಂತಾಳೆ ಅವ್ವ ಈಗ್ಲೂ. ನನ್ ಮಗಳಿಗೂ ಅದನ್ನೇ ಹೇಳ್ತೀನಿ, ಹಠ ಮಾಡ್ಬೇಡ ನೋಡು, ನನ್ನಂಗೆ ಆಗ್ತೀಯ ಅಂತ."

ನಗುತ್ತ ಹೇಳಿದಳು. ಇಷ್ಟು ವರ್ಷ ಅವಳು ಹಾಗೆಯೇ ನಂಬಿದ್ದಳು. ತನ್ನ ಕಿವಿ ಹೋದದ್ದು ತನ್ನದೇ ತಪ್ಪಿನಿಂದ ಎಂದು ನಂಬಿ, ಅದನ್ನು ಮಗಳಿಗೂ ಕಲಿಸುತ್ತಿದ್ದಳು. ಆ ಮಾತು ನನ್ನದು. ಅದನ್ನು ವಾಪಸು ತೆಗೆದುಕೊಳ್ಳಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ.

"ಹಠ ಅಲ್ಲ ಈರಕ್ಕ," ಎಂದೆ. "ನಿನಗೆ ಕೇಳ್ತಾ ಇರಲಿಲ್ಲ. ಅದು ನನಗೆ ಗೊತ್ತಾಗಲಿಲ್ಲ. ತಪ್ಪು ನನ್ನದು."

ಹೇಳಿದೆ ಎಂದು ಪ್ರಮಾಣ ಮಾಡಬಲ್ಲೆ. ಆದರೆ ನನ್ನ ಅಂಗಿಯ ಕಾಲರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಅವಳು ಮಾತನಾಡುತ್ತಿದ್ದ ನನ್ನ ತುಟಿಯನ್ನು ನೋಡಿ, ಚೀಲವನ್ನು ಮಡಿಲಿನಿಂದ ಸರಿಸಿ, ಉಳಿದ ಒಂದು ಕಿವಿಯನ್ನು ನನ್ನ ಹತ್ತಿರಕ್ಕೆ ತಂದಳು.

"ಏನಂದ್ರಿ ಸಾ? ಬಸ್ಸಿನ ಸದ್ದು. ಜೋರಾಗ್ ಹೇಳ್ರಿ."

ಮುಂದಿನ ಸೀಟಿನ ಹೆಂಗಸರು ಇನ್ನೂ ನಮ್ಮ ಕಡೆಗೇ ತಿರುಗಿದ್ದರು. ಕಂಡಕ್ಟರ್ ಕಂಬಿಗೆ ಒರಗಿ, ಒಳ್ಳೆಯ ಮೇಷ್ಟರು ಏನು ಹೇಳುತ್ತಾರೋ ಎಂದು ನೋಡುತ್ತಿದ್ದ. ಬಬ್ಬೂರಿಗೆ ಇನ್ನು ಹೆಚ್ಚು ದೂರವಿರಲಿಲ್ಲ. ಬಾಯಿ ತೆರೆದೆ. ಎದೆಯ ತುಂಬ ಉಸಿರು ತೆಗೆದುಕೊಂಡೆ.

"ಊಟ ಆಯ್ತಾ ಅಂದೆ," ಎಂದು ಗಟ್ಟಿಯಾಗಿ ಕೂಗಿದೆ.

"ಆಯ್ತು ಸಾ," ಎಂದಳು ಈರಕ್ಕ. "ನಿಮ್ದು?"